ಮೊದಲು ಬ್ರೇಕು, ಕೊನೆಗೆ ಬಣ್ಣ

ಅರ್ಧಕ್ಕೆ ನಿಂತ ಹಳೆ ಕಾರು ಯಾವ ಊರಿನ ಗ್ಯಾರೇಜಿಗೆ ಹೋದರೂ ಒಂದಾದರೂ ಸಿಗುತ್ತದೆ. ಮೈಗೆ ಹೊಸ ಬಣ್ಣ, ಸೀಟಿಗೆ ಹೊಸ ರೆಕ್ಸಿನ್, ಬಂಪರಿಗೆ ಮುಖ ಕಾಣುವಷ್ಟು ಕ್ರೋಮು. ಒಳಗೆ ಕೂತು ಬ್ರೇಕ್ ತುಳಿದರೆ ಪೆಡಲು ಸೀದಾ ನೆಲಕ್ಕೆ. ಮಾಲೀಕರು ಇದ್ದಬದ್ದ ದುಡ್ಡನ್ನೆಲ್ಲ ಕಣ್ಣಿಗೆ ಬೀಳುವ ಕಡೆ ಸುರಿದು, ಎಂಜಿನ್ನು ಬಿಚ್ಚುವ ಹೊತ್ತಿಗೆ ಬರಿಗೈಯಾಗಿರುತ್ತಾರೆ. ಕಾರು ಮತ್ತೆ ಟಾರ್ಪಾಲಿನಡಿ ಸೇರುತ್ತದೆ. ಒಂದೆರಡು ಮಳೆಗಾಲ ಕಳೆದರೆ ಆ ಹೊಸ ಬಣ್ಣದಡಿಯಿಂದಲೇ ತುಕ್ಕಿನ ಗುಳ್ಳೆ ಏಳುತ್ತದೆ. ಸಣ್ಣ ಜೇಬಿನಲ್ಲಿ ಹಳೆ ಕಾರು ಎಬ್ಬಿಸಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ನಿಲ್ಲುವುದು ಮೊದಲು, ಓಡುವುದು ಆಮೇಲೆ, ಚೆಂದ ಕಾಣುವುದು ಎಲ್ಲ ಮುಗಿದ ಮೇಲೆ.

ಯಾವ ಕಾರು ಆರಿಸುತ್ತೀರಿ ಎಂಬಲ್ಲೇ ಅರ್ಧ ಖರ್ಚು ತೀರ್ಮಾನವಾಗಿಬಿಡುತ್ತದೆ. ಅಪರೂಪದ ಕಾರಿಗೆ ಬಿಡಿಭಾಗವೂ ಅಪರೂಪ. ಒಂದು ಹೆಡ್‌ಲೈಟ್ ರಿಂಗಿಗಾಗಿ ವರ್ಷಗಟ್ಟಲೆ ಕಾಯುವ ತಾಳ್ಮೆ ಇದ್ದವರು ಆ ದಾರಿ ಹಿಡಿಯಲಿ. ಮೊದಲ ಸಲ ಕೈಹಾಕುವವರಿಗೆ ನನ್ನ ಆಯ್ಕೆ ಫಿಯೆಟ್ 1100 ಡಿಲೈಟ್, ಇಲ್ಲವೇ ಅದೇ ಮುಂದುವರಿದು ಬಂದ ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾ ಕಾರ್ಖಾನೆಯಿಂದ ಡಿಲೈಟ್ ಹೊರಬರಲು ಶುರುವಾದದ್ದು 1964ರಲ್ಲಿ. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಆಮೇಲೂ ಬಹುಕಾಲ ಅದೇ 1089 ಸಿಸಿ ಪೆಟ್ರೋಲ್ ಎಂಜಿನ್ನು, ಸ್ಟೀರಿಂಗ್ ಪಕ್ಕದಲ್ಲೇ ಅದೇ ನಾಲ್ಕು ಗೇರಿನ ಹಿಡಿ. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಇವು ದಶಕಗಟ್ಟಲೆ ಓಡಿದವು. ಕೊನೆಯದು ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಯವರು ಕೇಳುತ್ತಿದ್ದುದರಿಂದಲೇ ಪಿಸ್ಟನ್, ಕ್ಲಚ್ ಪ್ಲೇಟು, ಬ್ರೇಕ್ ಕಿಟ್ಟುಗಳು ಮಾರುಕಟ್ಟೆಯಲ್ಲಿ ಉಳಿದುಕೊಂಡವು. ಆ ಋಣ ಇಂದಿಗೂ ನಮ್ಮಂಥವರ ಜೇಬು ಕಾಯುತ್ತಿದೆ.

ಕನ್ನಡಿಗರಿಗೆ ಈ ಕಾರಿನ ಮೇಲೆ ಅಕ್ಕರೆ ಇರಲು ಇನ್ನೊಂದು ಕಾರಣವೂ ಇದೆ. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಹಟ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಕೊಂಡು ಬಂದು ಯೋಜನೆ ಸಿದ್ಧಪಡಿಸಿದರು. ಅವರ ಜೊತೆ ನಿಂತ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರ ಕೈಜೋಡಿಸಲಿಲ್ಲ, ಮೈಸೂರು ರಾಜ್ಯಕ್ಕೆ ಬರಬಹುದಾಗಿದ್ದ ಕಾರ್ಖಾನೆ ಬರಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು, 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ನಮ್ಮ ಶೆಡ್ಡುಗಳಲ್ಲಿ ಧೂಳು ಹಿಡಿದು ನಿಂತಿರುವ ಫಿಯೆಟ್ಟುಗಳಿಗೆ ಮುದ್ದೇನಹಳ್ಳಿಯ ಆ ಎಂಜಿನಿಯರರ ಕನಸಿನ ನಂಟಿದೆ. ಅವನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಾರು ನೋಡಲು ಹೋದಾಗ ಬಾನೆಟ್ ಎತ್ತುವ ಮೊದಲು ಆರ್‌ಸಿ ಪುಸ್ತಕ ಕೇಳಿ. ಚಾಸಿ ನಂಬರು, ಎಂಜಿನ್ ನಂಬರು ಪುಸ್ತಕಕ್ಕೆ ಹೊಂದಬೇಕು. ಪುಸ್ತಕದಲ್ಲಿರುವ ಹೆಸರಿನವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಅಣ್ಣ ಮಾರಿದ ಕಾರಿಗೆ ತಂಗಿ ತಕರಾರು ತೆಗೆದರೆ ನಿಮ್ಮ ಶ್ರಮವೆಲ್ಲ ಮಣ್ಣುಪಾಲು. ಕಾಗದವಿಲ್ಲದ ಕಾರನ್ನು ಬಿಡಿಭಾಗದ ಬೆಲೆಗೆ ಮಾತ್ರ ಕೊಳ್ಳಬೇಕು. ಕೊಂಡ ಬೆಲೆಯ ಕನಿಷ್ಠ ಎರಡರಷ್ಟು ರಿಪೇರಿಗೆಂದು ತೆಗೆದಿಡಲು ಆಗದಿದ್ದರೆ ಇನ್ನೂ ಅಗ್ಗದ ಕಾರು ಹುಡುಕುವುದು ಒಳ್ಳೆಯದು.

ಆಮೇಲೆ ಕೇಳಬೇಕಾದ್ದು, ಕಾರು ಇಷ್ಟು ವರ್ಷ ಎಲ್ಲಿ ನಿಂತಿತ್ತು ಎಂದು. ಉಡುಪಿ, ಮಂಗಳೂರು, ಕಾರವಾರದ ಕಡೆಯ ಕಾರನ್ನು ಉಪ್ಪುಗಾಳಿ ತಿಂದಿರುತ್ತದೆ. ಚಿಕ್ಕಮಗಳೂರು, ಕೊಡಗಿನ ತೋಟದ ಶೆಡ್ಡಿನಲ್ಲಿದ್ದ ಕಾರು ಮೇಲೆ ಚೆನ್ನಾಗಿ ಕಂಡರೂ ಅಡಿಯಿಂದ ಥಂಡಿ ಹಿಡಿದು ಕೊಳೆತಿರುತ್ತದೆ, ವೈರಿಂಗನ್ನು ಇಲಿ ಕಡಿದಿರುತ್ತದೆ. ಬಳ್ಳಾರಿ, ರಾಯಚೂರು, ವಿಜಯಪುರದ ಬಿಸಿಲಲ್ಲಿ ನಿಂತದ್ದು ನೋಡಲು ದರಿದ್ರವಾಗಿರುತ್ತದೆ: ಬಣ್ಣ ಬೂದಿಯಾಗಿ, ರಬ್ಬರೆಲ್ಲ ಬಿರಿದು, ಸ್ಟೀರಿಂಗ್ ಚಕ್ರ ಸೀಳಿರುತ್ತದೆ. ಆದರೆ ತಗಡು ಗಟ್ಟಿ. ನಾನಾದರೆ ಕಣ್ಣುಮುಚ್ಚಿ ಆ ಬಯಲುಸೀಮೆಯ ಕಾರನ್ನೇ ಆರಿಸುತ್ತೇನೆ. ರಬ್ಬರು ಅಂಗಡಿಯಲ್ಲಿ ಸಿಗುತ್ತದೆ, ಕೊಳೆತ ತಗಡನ್ನು ಕತ್ತರಿಸಿ ಬೆಸೆಯುವ ಕೂಲಿ ದಿನದ ಲೆಕ್ಕದಲ್ಲಿ ಏರುತ್ತಲೇ ಹೋಗುತ್ತದೆ.

ಫಿಯೆಟ್ಟಿಗೆ ತಗಡಿನ ಮಾತು ಇಷ್ಟು ಮುಖ್ಯವಾಗಲು ಕಾರಣವಿದೆ. ಜೀಪಿಗೆ, ಲಾರಿಗೆ ಇರುವಂತೆ ಇದಕ್ಕೆ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ನೆಲ, ಜಾಕ್ ಕೊಡುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಬ್ಯಾಟರಿಯ ತಟ್ಟೆ, ಮುಂದಿನ ಗಾಜಿನ ರಬ್ಬರಿನಡಿ – ಇಲ್ಲೆಲ್ಲ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಅದು ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ. ಬಾಗಿಲು ತೆರೆದಾಗ ಕೆಳಗೆ ಜೋತುಬಿದ್ದರೆ ಹಿಂಜನ್ನಷ್ಟೇ ದೂರಬೇಡಿ. ಅದು ಕೂತಿರುವ ಕಂಬವೇ ಸಡಿಲವಾಗಿರಬಹುದು. ಟಿಂಕರಿಂಗ್ ಕೆಲಸ ಮಾಡಿಸುವಾಗ ತುಕ್ಕಿನ ಮೇಲೆ ಹೊಸ ತಗಡು ಹೊದಿಸಲು ಬಿಡಬಾರದು. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅಂಚಿಗೆ ಅಂಚು ಬೆಸೆದು, ಒಳಮೈಗೂ ರೆಡ್ ಆಕ್ಸೈಡ್ ಬಳಿಸಬೇಕು.

ಈಗ ಬ್ರೇಕು. ಡಿಲೈಟಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುವ ದ್ರವ. ವರ್ಷಾನುಗಟ್ಟಲೆ ನಿಂತ ಕಾರಿನಲ್ಲಿ ಆ ನೀರು ಸಿಲಿಂಡರಿನ ಒಳಗೋಡೆಯನ್ನು ಕೊರೆದಿರುತ್ತದೆ, ರಬ್ಬರ್ ಕಪ್ಪು ಅಂಟಿಕೊಂಡಿರುತ್ತದೆ. ಹೀಗಾಗಿ ಬರೀ ಆಯಿಲ್ ಬದಲಿಸಿ ಗಾಡಿ ಹೊರಗೆ ತೆಗೆಯಬಾರದು. ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್ ಎಲ್ಲವನ್ನೂ ಬಿಚ್ಚಿಸಿ. ಗೋಡೆ ನುಣುಪಾಗಿದ್ದರೆ ಹೊಸ ಕಿಟ್ ಸಾಕು. ಗುಳಿ ಬಿದ್ದಿದ್ದರೆ ಲೇತಿನವರ ಹತ್ತಿರ ಸ್ಲೀವ್ ಹಾಕಿಸಬಹುದು, ಹೊಸ ಸಿಲಿಂಡರ್ ಸಿಕ್ಕರೆ ಇನ್ನೂ ಒಳ್ಳೆಯದು. ಹೋಸ್ ಪೈಪುಗಳನ್ನು ನೋಡುವುದೇ ಬೇಡ, ಬದಲಿಸಿಬಿಡಿ. ಒಂದು ಮಾತು ಮರೆಯಬಾರದು: ಈ ರಬ್ಬರುಗಳನ್ನು ಪೆಟ್ರೋಲಿನಲ್ಲಾಗಲೀ ಎಂಜಿನ್ ಆಯಿಲಿನಲ್ಲಾಗಲೀ ತೊಳೆಯಕೂಡದು, ಊದಿಕೊಂಡು ಜಾಮ್ ಆಗುತ್ತವೆ. ಬ್ರೇಕ್ ಆಯಿಲಿನಲ್ಲೇ ಒರೆಸಬೇಕು. ಟೈರಿನ ಮಾತೂ ಇಲ್ಲೇ ಮುಗಿಸುತ್ತೇನೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2314 ಎಂದಿದ್ದರೆ 2014ರ 23ನೇ ವಾರದ ಟೈರು. ಅಷ್ಟು ಹಳೆಯದಾದರೆ ಹಲ್ಲು ಎಷ್ಟೇ ಉಳಿದಿರಲಿ, ಎಸೆಯಿರಿ.

ನಿಂತ ಎಂಜಿನ್ನಿಗೆ ಬ್ಯಾಟರಿ ಜೋಡಿಸಿ ತಕ್ಷಣ ಸೆಲ್ಫ್ ಹೊಡೆಯುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಬೇಕು ಎನ್ನಿಸುತ್ತದೆ. ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ಮುರಿಯುತ್ತವೆ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಡೀಸೆಲ್ ಬೆರೆಸಿದ ಆಯಿಲ್ ಬಿಟ್ಟು, ಕೆಲವು ದಿನ ನೆನೆಯಲು ಬಿಡಿ. ಆಮೇಲೆ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಒಂದು ಕೂದಲೆಳೆಯಷ್ಟು ಅಲುಗಿದರೂ ಎಂಜಿನ್ನು ಬದುಕಿದೆ. ಪೂರ್ತಿ ಒಂದು ಸುತ್ತು ಬಂದ ಮೇಲೆ ಹಳೆ ಆಯಿಲ್ ಇಳಿಸಿ, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ಆನಂತರವೇ ಸೆಲ್ಫ್. ಕಂಪ್ರೆಷನ್ ನಾಲ್ಕರಲ್ಲೂ ಹೆಚ್ಚುಕಮ್ಮಿ ಒಂದೇ ಬಂದರೆ ರೀಬೋರ್ ಮಾಡಿಸಿ ಎನ್ನುವ ಮೆಕ್ಯಾನಿಕ್ಕಿನ ಮಾತಿಗೆ ಒಪ್ಪಬೇಡಿ. ಸಾವಿರ ಕಿಲೋಮೀಟರ್ ಓಡಿಸಿ ನೋಡಿ, ಆಯಿಲ್ ಎಷ್ಟು ಕುಡಿಯುತ್ತದೆಂದು ಗೊತ್ತಾದ ಮೇಲೆ ತೀರ್ಮಾನಿಸಿ. ಎಷ್ಟೋ ಎಂಜಿನ್ನುಗಳು ಓಡುತ್ತಾ ಓಡುತ್ತಾ ತಾವೇ ಸರಿಹೋಗುತ್ತವೆ.

ಈ ಎಂಜಿನ್ನಿನ ಬ್ಲಾಕು ಬೀಡು ಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಮ್ಮಿನದು. ಒಮ್ಮೆ ಜೋರಾಗಿ ಕಾದರೆ ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಆದ್ದರಿಂದ ರೇಡಿಯೇಟರನ್ನು ಬಿಚ್ಚಿ ಒಳ್ಳೆಯ ಅಂಗಡಿಯಲ್ಲಿ ಒಳಗಿನ ಕೊಳವೆಗಳಿಗೆ ಕಡ್ಡಿ ಹಾಯಿಸಿ ಕ್ಲೀನ್ ಮಾಡಿಸುವುದು ಮೊದಲ ಪ್ರಯಾಣಕ್ಕೆ ಮುಂಚೆಯೇ ಆಗಬೇಕು. ಬೋರ್‌ವೆಲ್ ನೀರು ಬೇಡ, ಕೂಲಂಟ್ ಹಾಕಿ.

ಪೆಟ್ರೋಲಿನ ಕಡೆ ಈಗ ಹೊಸ ತಲೆನೋವೊಂದಿದೆ. ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. 1964ರ ರಬ್ಬರು ಇದಕ್ಕೆಂದು ಮಾಡಿದ್ದಲ್ಲ. ಹಳೆ ಹೋಸು ಒಳಗಿನಿಂದ ಮೆತ್ತಗಾಗಿ ಕಾರ್ಬುರೇಟರಿನ ಜೆಟ್ ಕಟ್ಟುತ್ತದೆ, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಸೋರುತ್ತದೆ. ಬಿಸಿ ಎಂಜಿನ್ನಿನ ಪಕ್ಕ ಪೆಟ್ರೋಲ್ ಸೋರಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಎಥೆನಾಲ್ ತಾಳುವ ಹೋಸುಗಳು ಈಗಿನ ಇಂಜೆಕ್ಷನ್ ಗಾಡಿಗಳಿಗಾಗಿ ಎಲ್ಲೆಡೆ ಸಿಗುತ್ತವೆ, ದುಬಾರಿಯೂ ಅಲ್ಲ. ಟ್ಯಾಂಕನ್ನು ಇಳಿಸಿ, ವಾರ್ನಿಷ್ ವಾಸನೆ ಬರುವ ಹಳೆ ಪೆಟ್ರೋಲು ಚೆಲ್ಲಿ, ಒಳಗಿನ ತುಕ್ಕು ಕುಲುಕಿ ತೆಗೆದು, ಪಂಪಿಗೆ ಮುಂಚೆ ಸಣ್ಣ ಫಿಲ್ಟರ್ ಕೂರಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿಯೇ ನಿಲ್ಲಿಸಿ. ಎಥೆನಾಲ್ ನೀರು ಎಳೆದುಕೊಳ್ಳುತ್ತದೆ.

ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಶುರು ಮಾಡಿ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿ. ಅಲ್ಲೂ ಸಿಗದಿದ್ದರೆ ಚೆನ್ನೈನ ಪುದುಪೇಟೆಗೆ ಒಂದು ರಾತ್ರಿಯ ಬಸ್ಸು. ಹಳೆ ತುಂಡು ಕೈಯಲ್ಲಿ ಹಿಡಿದೇ ಹೋಗಬೇಕು. ಫೋಟೊ ತೋರಿಸಿದರೆ ಹತ್ತಿರಹತ್ತಿರದ್ದು ಕೊಡುತ್ತಾರೆ, ತುಂಡು ತೋರಿಸಿದರೆ ಅದೇ ಕೊಡುತ್ತಾರೆ. ಪೂರ್ತಿ ಹಾಳಾದ ಇನ್ನೊಂದು ಪದ್ಮಿನಿ ಅಗ್ಗಕ್ಕೆ ಸಿಕ್ಕರೆ, ಜಾಗವಿದ್ದರೆ, ತಂದು ಹಿತ್ತಲಲ್ಲಿಡಿ. ಹಿಡಿಗಳು, ಗಾಜು, ಬೀಗ, ಸ್ವಿಚ್ಚು ಎಲ್ಲದಕ್ಕೂ ಅದೇ ಕಣಜ.

ಬಣ್ಣಕ್ಕೆ ಕೊನೆಗೆ ಬಂದೆ. ಕಾರ್ಖಾನೆ ಬಳಿದ ಬಣ್ಣ ಮಾಸಿದ್ದರೂ ಉಳಿದಿದ್ದರೆ ಅದನ್ನು ಕೆರೆಯಬೇಡಿ. ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿ, ವ್ಯಾಕ್ಸ್ ಹಾಕಿ ನೋಡಿ. ಬೂದಿಯಡಿಯಿಂದ ಅಸಲಿ ಬಣ್ಣ ಮೇಲೇಳುತ್ತದೆ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2013ರಲ್ಲಿ ಜಾರಿಗೆ ತಂದ ಟ್ಯೂರಿನ್ ಸನ್ನದು ಒತ್ತಿ ಹೇಳುವುದೂ ಇದನ್ನೇ: ಇದ್ದದ್ದನ್ನು ಇದ್ದಂತೆ ಕಾಪಾಡುವುದಕ್ಕೆ ಮೊದಲ ಮಣೆ, ಹೊಸದಾಗಿ ಮಾಡುವುದು ಬೇರೆ ದಾರಿ ಇಲ್ಲದಾಗ. ಬಡವರ ಪಾಲಿಗೆ ಇಷ್ಟು ಅನುಕೂಲದ ಸಿದ್ಧಾಂತ ಇನ್ನೊಂದಿಲ್ಲ. ಕ್ರೋಮು ಸಹ ಹಾಗೆಯೇ. ಪೀಣ್ಯದಲ್ಲಿ ಮತ್ತೆ ಪ್ಲೇಟಿಂಗ್ ಮಾಡಿಸಬಹುದು. ತಾಮ್ರ, ನಿಕಲ್, ಕ್ರೋಮು ಎಂದು ಮೂರು ಪದರ ಸರಿಯಾಗಿ ಕಟ್ಟಿಸಿದರೆ ಖರ್ಚು ಕಡಿಮೆಯೇನಲ್ಲ. ಮೊದಲ ವರ್ಷ ಮಾಸಿದ ಬಂಪರಿನಲ್ಲೇ ಓಡಾಡಿ.

ಅಸಲಿತನಕ್ಕೆ ಕಾನೂನಿನಲ್ಲೂ ಬೆಲೆ ಇದೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ, ಚಾಸಿ, ಬಾಡಿ, ಎಂಜಿನ್ನುಗಳನ್ನು ಮೂಲಕ್ಕೆ ವಿರುದ್ಧವಾಗಿ ಬದಲಿಸದ ಖಾಸಗಿ ವಾಹನ ವಿಂಟೇಜ್ ಎಂದು ನೋಂದಣಿಯಾಗಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ, ನಂತರದ ಮರುನೋಂದಣಿಗೆ 5,000. ಹೊಸ ನಂಬರಿನಲ್ಲಿ ‘ವಿಎ’ ಅಕ್ಷರ ಸೇರುತ್ತದೆ. ಈಗಾಗಲೇ ನೋಂದಣಿ ಇರುವ ಕಾರು ತನ್ನ ಹಳೆ ನಂಬರನ್ನೇ ಇಟ್ಟುಕೊಳ್ಳಬಹುದು. ದಿನನಿತ್ಯದ ಓಡಾಟಕ್ಕೆ ಮಾತ್ರ ಅವಕಾಶವಿಲ್ಲ. ಡಿಲೈಟುಗಳೆಲ್ಲ ಈಗ ಈ ವಯಸ್ಸು ದಾಟಿವೆ. ಮಾರುತಿಯ ಎಂಜಿನ್ನು ತುರುಕಿದ, ಡ್ಯಾಶ್‌ಬೋರ್ಡು ಕೊಯ್ದು ಎಸಿ ಕೂರಿಸಿದ ಫಿಯೆಟ್ಟನ್ನು ಕೊಳ್ಳುವ ಮುನ್ನ ಈ ನಿಯಮ ನೆನಪಿರಲಿ.

ಇಷ್ಟೆಲ್ಲ ಹೇಳಿದರೂ ನನಗೆ ನಿಜವಾದ ಆತಂಕ ಇರುವುದು ಸಾಮಾನಿನ ಬಗ್ಗೆ ಅಲ್ಲ. ಪಾಯಿಂಟ್ ಗ್ಯಾಪನ್ನು ಕಣ್ಣಳತೆಯಲ್ಲಿ ಕೂರಿಸಿ, ಕಾರ್ಬುರೇಟರನ್ನು ಕಿವಿಗೊಟ್ಟು ಟ್ಯೂನ್ ಮಾಡುವ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ಲ್ಯಾಪ್‌ಟಾಪ್ ಜೋಡಿಸಿ ದೋಷ ಓದುವ ಹೊಸ ಹುಡುಗರಿಗೆ ಈ ಕೆಲಸ ಕಲಿಸುವವರಿಲ್ಲ. ನಿಮ್ಮ ಊರಿನ ಅಂಥ ಮೇಸ್ತ್ರಿಗೆ ಈ ವರ್ಷವೇ ಕೆಲಸ ಕೊಡಿ. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡಲು ಮನೆಯ ಹುಡುಗನನ್ನೋ ಹುಡುಗಿಯನ್ನೋ ಕಳುಹಿಸಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.