ತರಗತಿಯಲ್ಲಿ ಜಾತಿ ಓದುವುದು

ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರನೇ, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ಚಕ್ರವ್ಯೂಹದಂಥ ಚಿತ್ರಗಳನ್ನು ಕೊಟ್ಟು ದಾರಿ ಹುಡುಕಲು ಹೇಳಿದರು. ಬಿಡಿಸಿದಷ್ಟಕ್ಕೂ ದುಡ್ಡು. ಮೇಲ್ಜಾತಿಯ 321 ಹುಡುಗರು, ದಲಿತರು 321. ಯಾರ ಜಾತಿಯನ್ನೂ ಹೇಳದೆ ಬಿಡಿಸಲು ಕೂರಿಸಿದಾಗ ಇಬ್ಬರೂ ಸರಿಸುಮಾರು ಸಮ. ಅಪ್ಪನ ಹೆಸರು, ಅಜ್ಜನ ಹೆಸರು, ಊರು, ಜಾತಿ ಎಲ್ಲವನ್ನೂ ಉಳಿದವರ ಎದುರು ಓದಿ ಹೌದೆನ್ನಿಸಿಕೊಂಡು ಕೂರಿಸಿದಾಗ ದಲಿತ ಹುಡುಗರು ಬಿಡಿಸಿದ ಚಕ್ರವ್ಯೂಹಗಳ ಸಂಖ್ಯೆ ಸ್ಪಷ್ಟವಾಗಿ ಇಳಿಯಿತು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು 2006ರಲ್ಲಿ ಪ್ರಕಟಿಸಿದ ಅಧ್ಯಯನವಿದು. ಬುದ್ಧಿ ಅದೇ, ಕಾಗದ ಅದೇ. ಬದಲಾದದ್ದು ಕೋಣೆಯಲ್ಲಿ ಯಾರಿಗೆ ಏನು ಗೊತ್ತು ಎಂಬುದಷ್ಟೇ.

ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆಗೆ ಈ ಅಧ್ಯಯನ ದೊಡ್ಡ ತಿದ್ದುಪಡಿ. ಕೀಳರಿಮೆ ಎಂದ ಕೂಡಲೇ ನಾವು ಮಗುವಿನ ಒಳಗೆ ಇಣುಕುತ್ತೇವೆ, ಆತ್ಮವಿಶ್ವಾಸ ಬೆಳೆಸಿಕೋ ಎಂದು ಉಪನ್ಯಾಸ ಇಡಿಸುತ್ತೇವೆ. ಆದರೆ 'ನಾನು' ಎಂಬುದು ಮಗು ಒಬ್ಬಂಟಿಯಾಗಿ ಕಟ್ಟಿಕೊಳ್ಳುವಂಥದ್ದಲ್ಲ. ಎದುರಿಗಿರುವವರ ಕಣ್ಣೂ ಅದನ್ನು ಕಟ್ಟುತ್ತದೆ, ಕೆಡವುತ್ತದೆ. ಆ ಹುಡುಗರು ತಮ್ಮ ಶಕ್ತಿಯ ಮೇಲೆ ನಂಬಿಕೆ ಕಳೆದುಕೊಂಡರೋ, ತಮಗೆ ಇಲ್ಲಿ ನ್ಯಾಯ ಸಿಗುತ್ತದೆ ಎಂಬ ನಂಬಿಕೆ ಕಳೆದುಕೊಂಡರೋ ಎಂಬುದು ಮುಖ್ಯ ಪ್ರಶ್ನೆ. ಎರಡನೆಯದೇ ನಿಜವಾದರೆ ತಿದ್ದಿಕೊಳ್ಳಬೇಕಾದದ್ದು ಮಗುವಲ್ಲ.

ಹೀಗಿದ್ದೂ ವಿದ್ಯಾರ್ಥಿವೇತನದ ಹೊತ್ತಿಗೆ 'ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ' ಎನ್ನುವ ರೂಢಿ ನಮ್ಮ ತರಗತಿಗಳಿಂದ ಪೂರ್ತಿ ಹೋಗಿಲ್ಲ. ಹೇಳುವವರಲ್ಲಿ ಎಷ್ಟೋ ಮಂದಿಗೆ ಕೆಟ್ಟ ಉದ್ದೇಶವಿರುವುದಿಲ್ಲ, ಪಟ್ಟಿ ಬೇಗ ಮುಗಿಯಬೇಕು ಅಷ್ಟೆ. ಎದ್ದು ನಿಂತ ಹುಡುಗಿಗೆ ಉದ್ದೇಶ ಕಾಣುವುದಿಲ್ಲ, ತಿರುಗಿದ ತಲೆಗಳು ಕಾಣುತ್ತವೆ. ತರಗತಿಯಲ್ಲಿ ವಿದ್ಯಾರ್ಥಿಗಳ ಜಾತಿಯನ್ನು ಜೋರಾಗಿ ಹೇಳಬಾರದು, ಮೀಸಲಾತಿಯವರೆಂದು ಹಣೆಪಟ್ಟಿ ಹಚ್ಚಬಾರದು ಎಂದು ಯುಜಿಸಿ 2012ರ ನಿಯಮಗಳಲ್ಲೇ ಬರೆದಿದೆ. ಅದು ಉನ್ನತ ಶಿಕ್ಷಣಕ್ಕೆ ಮಾತ್ರ. ಮನಸ್ಸು ಇನ್ನೂ ಎಳೆಯದಾಗಿರುವ ಶಾಲೆಗೇ ಅದು ಮೊದಲು ಬೇಕಿತ್ತು. ಈಗ ಕರ್ನಾಟಕದ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿಯ ಜೊತೆ ಜಾತಿ ಪ್ರಮಾಣಪತ್ರದ ಸಂಖ್ಯೆ ಹಾಕುತ್ತಾರೆ, ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಎದ್ದು ನಿಲ್ಲಿಸಲು ಕಚೇರಿಯ ನೆಪವೂ ಉಳಿದಿಲ್ಲ.

ಅಧ್ಯಯನದ ಮಿತಿಗಳನ್ನೂ ಹೇಳಬೇಕು. ಒಂದು ಸಲ ಕೂತು ಆಡಿದ ಆಟವನ್ನಷ್ಟೇ ಅದು ಅಳೆದದ್ದು. ವರ್ಷಗಟ್ಟಲೆ ಹೀಗೆ ಜಾತಿ ಓದಿಸಿಕೊಂಡ ಮನಸ್ಸು ಏನಾಗುತ್ತದೆ ಎಂದು ಅದರಿಂದ ತಿಳಿಯದು. ಹುಡುಗಿಯರು ಅದರಲ್ಲಿ ಇಲ್ಲವೇ ಇಲ್ಲ. ಇದಕ್ಕಿಂತ ದೊಡ್ಡ ಅಪಾಯ ಅದನ್ನು ಓದುವ ಬಗೆಯಲ್ಲಿದೆ: ಜಾತಿ ಗೊತ್ತಾಗದಿದ್ದರೆ ಮಗು ಚೆನ್ನಾಗಿರುತ್ತದೆ, ಆದ್ದರಿಂದ ಮುಚ್ಚಿಡಲಿ ಎಂಬ ತೀರ್ಮಾನಕ್ಕೆ ಜಾರುವುದು ಸುಲಭ. ಮುಚ್ಚಿಟ್ಟುಕೊಂಡು ಓದುವುದೂ ಒಂದು ಹೊರೆಯೇ. ಎಲ್ಲಿ ಬಾಯ್ತಪ್ಪಿತೋ, ಯಾರು ಅಡ್ಡಹೆಸರು ಕೇಳುತ್ತಾರೋ ಎಂದು ಹಗಲೆಲ್ಲ ಕಾಯಬೇಕು.

ಮುಚ್ಚಿಡಲಿ ಎಂಬ ತೀರ್ಮಾನವನ್ನು ಕರ್ನಾಟಕದ ಅನುಭವವೂ ಒಪ್ಪುವುದಿಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದಾಗ ಹಾಸ್ಟೆಲಿನ ಹುಡುಗರು ತಾವು ಯಾರೆಂಬುದನ್ನು ತಾವೇ ಗಟ್ಟಿಯಾಗಿ ಹೇಳಿಕೊಂಡರು, ಹಾಡಿದರು, ಬರೆದರು. ಸಿದ್ಧಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಆತ್ಮಕಥೆಗಳು ಮುಂದೆ ಬಂದದ್ದೂ ಆ ಧೈರ್ಯದಿಂದಲೇ. ಪಟ್ಟಿಯಿಂದ ಬೇರೆಯವರು ಓದಿದಾಗ ಕುಗ್ಗಿಸುವ ಗುರುತು, ಜೊತೆಗಾರರ ನಡುವೆ ತಾನೇ ಹೇಳಿಕೊಂಡಾಗ ಬೆನ್ನಿಗೆ ನಿಲ್ಲುತ್ತದೆ. ಹಾಫ್ ಮತ್ತು ಪಾಂಡೆಯವರ ಪ್ರಯೋಗದಲ್ಲಿ ಈ ಎರಡನೆಯ ಕೋಣೆ ಇರಲಿಲ್ಲ. ತನ್ನ ಬಗ್ಗೆ ಯಾವಾಗ, ಯಾರಿಗೆ, ಎಷ್ಟು ಹೇಳಬೇಕು ಎಂಬುದನ್ನು ವಿದ್ಯಾರ್ಥಿಯೇ ತೀರ್ಮಾನಿಸುವಂಥ ತರಗತಿಯಲ್ಲಿ ಅದೇ ಚಿತ್ರಗಳನ್ನು ಕೊಟ್ಟು ನೋಡುವ ಸಂಶೋಧನೆ ನಮಗೆ ಬೇಕಾಗಿದೆ, ಈ ಸಲ ಹುಡುಗಿಯರನ್ನೂ ಕೂರಿಸಿಕೊಂಡು.