ದಾಂಪತ್ಯವೆಂಬ ಉಪಮಾನ: ಚಂದ್ರಿ, ಲಕ್ಷ್ಮೀ ಮತ್ತು ಕಾನೂನಿನ ಭಾಷೆ

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಗೆ ದೊರೆತಷ್ಟು ವಿಮರ್ಶೆ ಆಧುನಿಕ ಕನ್ನಡದಲ್ಲಿ ಕೆಲವೇ ಕೃತಿಗಳಿಗೆ ದೊರೆತಿದೆ. ಬ್ರಾಹ್ಮಣ್ಯದ ಬಿಕ್ಕಟ್ಟು, ಅಗ್ರಹಾರದ ಕೊಳೆಯುವಿಕೆ, ಪ್ರಾಣೇಶಾಚಾರ್ಯರ ಅಸ್ತಿತ್ವದ ಹುಡುಕಾಟ, ನಾರಣಪ್ಪನ ಬಂಡಾಯ, ಇವೆಲ್ಲ ಮರಳಿ ಮರಳಿ ಚರ್ಚೆಗೆ ಬಂದಿವೆ. ಚಂದ್ರಿಯನ್ನು ಕುರಿತೂ ಸಾಕಷ್ಟು ಬರೆಯಲಾಗಿದೆಯಾದರೂ, ಅವಳು ಹೆಚ್ಚಾಗಿ ಪ್ರಕೃತಿಯ, ಜೀವಚೈತನ್ಯದ ಅಥವಾ ಕಾಮದ ಸಂಕೇತವಾಗಿಯೇ ಕಾಣಿಸಿಕೊಂಡಿದ್ದಾಳೆ. ಒಂದು ಸರಳವಾದ ಪ್ರಶ್ನೆ ಮಾತ್ರ ಹಿಂದುಳಿದಿದೆ: ನಾರಣಪ್ಪನ ಮನೆಯಲ್ಲಿ ವರ್ಷಗಟ್ಟಲೆ ಬಾಳಿದ ಈ ಹೆಣ್ಣಿಗೆ, ಅವನು ತೀರಿಕೊಂಡ ಮೇಲೆ ಸಲ್ಲಬೇಕಾದದ್ದು ಏನು? ಹೆಣದ ಸಂಸ್ಕಾರ ಯಾರದೆಂದು ಕೃತಿಯೊಳಗಿನ ಬ್ರಾಹ್ಮಣರು ಕೇಳುತ್ತಾರೆ. ಅವರೊಡನೆ ವಿಮರ್ಶೆಯೂ ಅದನ್ನೇ ಕೇಳಿದೆ. ಬದುಕಿರುವವಳ ಪಾಲಿನ ಪ್ರಶ್ನೆ ಇಬ್ಬರಿಗೂ ಹೊಳೆದಿಲ್ಲ.

ವಿವಾಹವಿಲ್ಲದೆ ಕೂಡಿಬಾಳುವವರ ಹಕ್ಕುಗಳು ಶಾಸನಸಭೆ ಮತ್ತು ನ್ಯಾಯಾಲಯಗಳ ಚರ್ಚೆಗೆ ಬಂದಿರುವ ಈ ಹೊತ್ತಿನಲ್ಲಿ ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವುದು ಉಚಿತವೆನಿಸುತ್ತದೆ. ಪ್ರಸ್ತುತ ಲೇಖನವು 'ಸಂಸ್ಕಾರ'ವನ್ನು ವಿಜಯ ತೆಂಡೂಲ್ಕರರ ಮರಾಠಿ ನಾಟಕ 'ಸಖಾರಾಮ್ ಬೈಂಡರ್' (1972) ಜೊತೆಗಿಟ್ಟು, ಎರಡನ್ನೂ ಕಾನೂನಿನ ಭಾಷೆಯ ಎದುರು ಓದುವ ಪ್ರಯತ್ನವಾಗಿದೆ.

ಮೊದಲು ಕನ್ನಡದ ಪದಗಳನ್ನು ಗಮನಿಸಬಹುದು. 'ಇಟ್ಟುಕೊಂಡವಳು' ಎಂಬ ಮಾತಿನಲ್ಲಿ ಕ್ರಿಯೆಯ ಕರ್ತೃ ಗಂಡು, ಕರ್ಮ ಹೆಣ್ಣು. 'ಕೊಳ್ಳು' ಎಂಬ ಸಹಾಯಕ ಕ್ರಿಯಾಪದವು ಆ ಕ್ರಿಯೆಯ ಫಲವೂ ಕರ್ತೃವಿಗೇ ಸೇರಿದ್ದೆಂದು ಸೂಚಿಸುತ್ತದೆ. ಇದಕ್ಕೆ ಭಿನ್ನವಾಗಿ 'ಕೂಡಿಕೆ', 'ಕೂಡಾವಳಿ' ಎಂಬ ಪದಗಳಿವೆ. 'ಕೂಡು' ಧಾತುವಿಗೆ ಇಬ್ಬರೂ ಕರ್ತೃಗಳೇ. ವಿಧವೆಯರೂ ಗಂಡ ಬಿಟ್ಟವರೂ ಮತ್ತೊಬ್ಬನೊಡನೆ ಬಾಳುವೆ ನಡೆಸುವುದಕ್ಕೆ ಹಲವು ಸಮುದಾಯಗಳಲ್ಲಿ ಇಂಥ ಪದಗಳು ಬಳಕೆಯಲ್ಲಿದ್ದವು. ಅಲ್ಲಿ ಶಾಸ್ತ್ರೋಕ್ತ ವಿಧಿಗಳು ಕಡಿಮೆ. ಆದರೆ ಕುಲದವರ ಅರಿವು ಮತ್ತು ಒಪ್ಪಿಗೆಯಿತ್ತು. ಹೀಗೆ ನಮ್ಮ ನುಡಿಯಲ್ಲಿಯೇ ಎರಡು ದೃಷ್ಟಿಗಳಿವೆ: ಒಂದು ಒಡೆತನದ್ದು, ಇನ್ನೊಂದು ಕೂಡಿಕೆಯದು. ಆಧುನಿಕ ಕಾನೂನು ಇವೆರಡನ್ನೂ ಬಿಟ್ಟು ಮೂರನೆಯದೊಂದು ಬಗೆಯಲ್ಲಿ ಹೆಸರಿಸುತ್ತದೆ. ಅದು ಹೋಲಿಕೆಯ ಬಗೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು 'ವಿವಾಹದ ಸ್ವರೂಪದ ಸಂಬಂಧ'ದಲ್ಲಿರುವ ಹೆಣ್ಣಿಗೂ ರಕ್ಷಣೆ ನೀಡುತ್ತದೆ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು, ಜೀವನಾಂಶ, ರಕ್ಷಣಾ ಆದೇಶ, ಇವು ಅವಳಿಗೂ ಸಲ್ಲುತ್ತವೆ. ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ಈ ಹಕ್ಕು ನಿಂತಿರುವುದು ಒಂದು ಉಪಮೆಯ ಮೇಲೆ: ದಾಂಪತ್ಯವು ಉಪಮಾನ, ಅವಳ ಬಾಳು ಉಪಮೇಯ. ಸಾಧಾರಣ ಧರ್ಮಗಳನ್ನು ಎಣಿಸಿ, ಹೋಲಿಕೆ ಪೂರ್ಣವೋ ಲುಪ್ತವೋ ಎಂದು ತೀರ್ಮಾನಿಸುವವರು ನ್ಯಾಯಾಧೀಶರು.

ಈಗ ದುರ್ವಾಸಪುರಕ್ಕೆ ಮರಳೋಣ. ಪ್ರಾಣೇಶಾಚಾರ್ಯರು ಹೆಣದ ಸಲುವಾಗಿ ತಾಳೆಗರಿಗಳನ್ನು ಶೋಧಿಸುತ್ತಾರೆ. ಚಂದ್ರಿಯ ಸಲುವಾಗಿ ಶೋಧಿಸಿದ್ದರೆ ಉತ್ತರ ಸಿಗುತ್ತಿತ್ತೆಂಬುದು ಕುತೂಹಲದ ಸಂಗತಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರಾ' ಪರಂಪರೆಯು 'ಅವರುದ್ಧಾ' ಎಂಬ ಸ್ತ್ರೀಯನ್ನು ಬಲ್ಲದು. ಪದದ ಅರ್ಥ 'ತಡೆದಿರಿಸಲ್ಪಟ್ಟವಳು' ಎಂದು. ವ್ಯಾಕರಣದಲ್ಲಿ 'ಇಟ್ಟುಕೊಂಡವಳು' ಎಂಬುದಕ್ಕಿಂತ ಮೇಲಾದುದೇನಲ್ಲ. ಆದರೆ ಆ ಕರ್ಮಣಿಯ ಪದಕ್ಕೆ ಒಂದು ಹಕ್ಕು ಅಂಟಿಕೊಂಡಿತ್ತು. ಸಂಬಂಧವು ಪುರುಷನ ಮರಣದವರೆಗೂ ಬಾಳಿದ್ದರೆ, ಅವಳು ಅವನಿಗೆ ನಿಷ್ಠಳಾಗಿದ್ದರೆ, ಅವನ ಆಸ್ತಿಯಿಂದ ಅವಳಿಗೆ ಜೀವನಾಂಶ ಸಲ್ಲಬೇಕು. ವಸಾಹತುಕಾಲದ ನ್ಯಾಯಾಲಯಗಳು ಇದನ್ನು ಮಾನ್ಯ ಮಾಡಿದವು. ಮುಂಬಯಿಯಿಂದ ಹೋದ ಒಂದು ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು 1926ರಲ್ಲಿ, ಅಂಥ ಸ್ತ್ರೀಯು ಪುರುಷನ ಕುಟುಂಬದ ಮನೆಯಲ್ಲಿಯೇ ವಾಸಿಸಿರಬೇಕೆಂಬ ನಿಯಮವೂ ಇಲ್ಲವೆಂದು ಹೇಳಿತು.

ಕಥೆಯ ಕಾಲವನ್ನು 1956ರ ಹಿಂದಿನದೆಂದು ಓದಿದರೆ, ಚಂದ್ರಿ ಈ ಷರತ್ತುಗಳನ್ನು ಪೂರೈಸುತ್ತಾಳೆ. ನಾರಣಪ್ಪನ ಕೊನೆಯುಸಿರಿನ ತನಕ ಜೊತೆಗಿದ್ದವಳು ಅವಳು. ಸಾವಿನ ಸುದ್ದಿಯನ್ನು ಅಗ್ರಹಾರಕ್ಕೆ ತಂದವಳೂ ಅವಳೇ. ನಿಷ್ಠೆಯ ಷರತ್ತನ್ನು ಮರಣಾನಂತರಕ್ಕೂ ವಿಸ್ತರಿಸುವವರು ಕಾಡಿನ ಆ ರಾತ್ರಿಯನ್ನು ಮುಂದೊಡ್ಡಿ ಅವಳ ಹಕ್ಕನ್ನು ಕಸಿಯಬಹುದು. ಆಗ ಆಚಾರ್ಯರಿಗೆ ಅರಿವಿನ ಬಾಗಿಲು ತೆರೆದ ಘಳಿಗೆಯೇ ಅವಳಿಗೆ ಅನ್ನದ ಬಾಗಿಲು ಮುಚ್ಚಿದ ಘಳಿಗೆಯಾಗುತ್ತದೆ! ಒಂದೇ ಘಟನೆಯ ಬೆಲೆ ಗಂಡಿಗೊಂದು, ಹೆಣ್ಣಿಗೊಂದು ಆಗುವುದನ್ನು ಕಾಣಲು ಈ ಬಗೆಯ ಓದು ಅಗತ್ಯವಾಗುತ್ತದೆ.

ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಆಚಾರ್ಯರ ಮುಂದಿಡುವ ಪ್ರಸಂಗವನ್ನು ಬ್ರಾಹ್ಮಣರ ದುರಾಸೆ ಬಯಲಾಗುವ ಸನ್ನಿವೇಶವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಲೆಕ್ಕದ ದೃಷ್ಟಿಯಿಂದ ಅದರ ಅರ್ಥ ಬೇರೆ. ಆಸ್ತಿ ಪಡೆಯುವವನ ಮೇಲೆ ಅಂತ್ಯಕ್ರಿಯೆಯ ಹೊಣೆಯೂ ಬೀಳುತ್ತದೆಂಬುದು ಲೋಕರೂಢಿ. ಇಲ್ಲಿ ಆಸ್ತಿಯ ಮೇಲೆ ಕಣ್ಣಿಟ್ಟವರು ಹೊಣೆಯಿಂದ ಜಾರಿಕೊಳ್ಳುತ್ತಾರೆ. ಆಸ್ತಿಯಲ್ಲಿ ಪಾಲಿಲ್ಲದವಳು ತನ್ನಲ್ಲಿರುವ ಏಕೈಕ ಗಂಟನ್ನು ಆ ಹೊಣೆಗಾಗಿ ಒಪ್ಪಿಸುತ್ತಾಳೆ. ಕೊನೆಗೆ ಮೀನು ವ್ಯಾಪಾರದ ಅಹ್ಮದ್ ಬ್ಯಾರಿಯ ನೆರವಿನಿಂದ ದಹನ ಮಾಡಿಸಿ ಕುಂದಾಪುರಕ್ಕೆ ಹೊರಟುಹೋಗುತ್ತಾಳೆ. ಹೆಂಡತಿಯ ಹಕ್ಕುಗಳಲ್ಲಿ ಒಂದೂ ಅವಳಿಗಿಲ್ಲ. ಹೆಂಡತಿ, ಮಗ, ದಾಯಾದಿ ಮೂವರೂ ಹೊರಬೇಕಾದ ಹೊಣೆಯನ್ನು ಅವಳೊಬ್ಬಳೇ ಹೊತ್ತಿದ್ದಾಳೆ. ಹಕ್ಕಿಲ್ಲದ ಈ ಹೊಣೆಯೇ ಚಂದ್ರಿಯ ಪಾತ್ರದ ತಿರುಳೆಂದು ನನ್ನ ವಾದ.

ಹಿಂದೂ ಕಾನೂನಿನ ಸುಧಾರಣೆಯು ಇವಳಿಗೆ ಏನು ಮಾಡಿತು? 1955ರ ವಿವಾಹ ಅಧಿನಿಯಮವು ಏಕಪತ್ನಿತ್ವವನ್ನು ಕಡ್ಡಾಯಗೊಳಿಸಿತು. 1956ರ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಅವಲಂಬಿತರ ಪಟ್ಟಿಯೊಂದನ್ನು ಕೊಟ್ಟಿತು. ವಿವಾಹಬಾಹಿರ ಮಕ್ಕಳು ಆ ಪಟ್ಟಿಯಲ್ಲಿ ಸೇರಿದರು, ಅವರ ತಾಯಿ ಸೇರಲಿಲ್ಲ. ಹೆಂಡತಿಯ ಸ್ಥಾನವನ್ನು ಭದ್ರಗೊಳಿಸುವ ನ್ಯಾಯವಾದ ಉದ್ದೇಶದಲ್ಲಿ, ಅವರುದ್ಧೆಗೆ ಇದ್ದ ಅವಮಾನಕರವಾದರೂ ಉಪಯುಕ್ತವಾದ ಹಕ್ಕು ಅಳಿಸಿಹೋಯಿತು. ಪದದ ಕಳಂಕ ಮಾತ್ರ ಉಳಿಯಿತು.

ಸ್ಥಾನಮಾನದಿಂದ ದೊರೆಯದುದನ್ನು ಕರಾರಿನಿಂದ ಪಡೆಯಬಹುದೆ? 'ಸಖಾರಾಮ್ ಬೈಂಡರ್' ಈ ಪ್ರಶ್ನೆಯ ನಾಟಕ. ಪುಸ್ತಕ ಕಟ್ಟುವ ಕಸುಬಿನ ಸಖಾರಾಮ ಮದುವೆಯನ್ನು ಧಿಕ್ಕರಿಸಿದವನು. ಗಂಡಂದಿರು ಹೊರದಬ್ಬಿದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕರೆತರುತ್ತಾನೆ. ಲಕ್ಷ್ಮೀ ಮನೆಯೊಳಗೆ ಕಾಲಿಟ್ಟೊಡನೆ ಕರಾರನ್ನು ಬಾಯಲ್ಲಿಯೇ ಒಪ್ಪಿಸುತ್ತಾನೆ: ಅನ್ನ, ಬಟ್ಟೆ, ನೆರಳು ಅವನದು, ಮನೆಗೆಲಸ ಅವಳದು, ಸಾಕೆನಿಸಿದರೆ ಇಬ್ಬರೂ ಬಿಡುಗಡೆ, ಹೋಗುವವಳಿಗೆ ಸೀರೆ, ಒಂದಿಷ್ಟು ಹಣ, ಊರಿನ ಟಿಕೀಟು. ಸುಳ್ಳಿಲ್ಲ, ಮುಚ್ಚುಮರೆಯಿಲ್ಲ. ರಂಗಪರಿನಿರೀಕ್ಷಕರೊಡನೆ ಮುಂಬಯಿ ಉಚ್ಚ ನ್ಯಾಯಾಲಯದವರೆಗೆ ಜಗಳವಾಡಬೇಕಾಗಿ ಬಂದ ಈ ನಾಟಕದಲ್ಲಿ ನಿಜವಾಗಿ ಕಳವಳಕಾರಿಯಾದುದು ಈ ಪ್ರಾಮಾಣಿಕತೆಯೇ. ಕರಾರಿನಲ್ಲಿ ಮೋಸವಿಲ್ಲ; ಆದರೆ ಒಪ್ಪದಿದ್ದರೆ ಬೀದಿಗೆ ಹೋಗಬೇಕಾದವಳ ಒಪ್ಪಿಗೆಗೆ ಎಷ್ಟು ಬೆಲೆ? ಇನ್ನೊಂದು ಅಂಶ ಅಷ್ಟೇ ಮುಖ್ಯವಾದುದು. ಮದುವೆಯನ್ನು ಹಳಿಯುವ ಸಖಾರಾಮ ತನ್ನ ಷರತ್ತುಗಳ ಕೊನೆಗೆ, ಅವಳು ತನಗೆ ಹೆಂಡತಿಯಾಗಿಯೇ ನಡೆದುಕೊಳ್ಳಬೇಕೆನ್ನುತ್ತಾನೆ. ಹೆಂಡತಿಯ ಹೆಸರಿಲ್ಲದೆ ಹೆಂಡತಿತನವನ್ನು ಕೇಳುವ ಈ ಮಾತಿಗೂ 'ವಿವಾಹದ ಸ್ವರೂಪದ ಸಂಬಂಧ' ಎಂಬ ಶಾಸನದ ಮಾತಿಗೂ ಇರುವ ನಂಟು ಆಕಸ್ಮಿಕವಲ್ಲ. ಇಬ್ಬರ ಉಪಮಾನವೂ ಒಂದೇ. ಚಂಪಾಳ ಕೊಲೆಯಲ್ಲಿ ಮುಗಿಯುವ ನಾಟಕ, ಆ ಕರಾರಿನಲ್ಲಿ ಬರೆಯದೆ ಉಳಿದ ಕಲಮು ಯಾವುದೆಂಬುದನ್ನು ತೋರಿಸುತ್ತದೆ.

1872ರ ಕರಾರು ಅಧಿನಿಯಮದ 23ನೆಯ ಪ್ರಕರಣವು ಅನೈತಿಕ ಉದ್ದೇಶದ ಒಪ್ಪಂದಗಳನ್ನು ಅನೂರ್ಜಿತವೆನ್ನುತ್ತದೆ. ಅದರ ಉದಾಹರಣೆಗಳಲ್ಲೊಂದು ಮಗಳನ್ನು ಉಪಪತ್ನಿಯಾಗಿ ಬಾಡಿಗೆಗೆ ಕೊಡುವ ತಾಯಿಯ ಒಪ್ಪಂದ. ಗುಜರಾತಿನಲ್ಲಿ ಒಂದು ಕಾಲಕ್ಕೆ ಹಬ್ಬಿದ್ದ 'ಮೈತ್ರಿ ಕರಾರು' ಈ ತೊಡಕಿನಲ್ಲಿಯೇ ಸಿಕ್ಕಿಕೊಂಡಿತು. ವಿವಾಹಿತ ಪುರುಷರು ದ್ವಿಪತ್ನಿತ್ವದ ನಿಷೇಧವನ್ನು ದಾಟಲು ಛಾಪಾ ಕಾಗದದ ಮೇಲೆ ಬರೆದುಕೊಟ್ಟ ಅಂಥ ಗೆಳೆತನದ ಪತ್ರ ಹೆಣ್ಣಿಗೆ ಹೆಂಡತಿಯ ಸ್ಥಾನವನ್ನು ಕೊಡಲಾರದು. ಮನೆ ಬಾಡಿಗೆಯ ಪತ್ರ, ಜಂಟಿ ಖರೀದಿ, ಮರಣಶಾಸನ, ನಾಮನಿರ್ದೇಶನ, ಇವನ್ನು ಸಂಗಾತಿಗಳು ಇಂದೂ ಬರೆದುಕೊಳ್ಳಬಹುದು. ಆದರೆ ಇದು ಆಸ್ತಿಯೂ ಅಕ್ಷರವೂ ಉಳ್ಳವರ ದಾರಿ. ಲಕ್ಷ್ಮಿಯ ಬಳಿ ಎರಡೂ ಇಲ್ಲ.

ನ್ಯಾಯಾಲಯಗಳು ತುಳಿದ ಹಾದಿ ಹೋಲಿಕೆಯದೇ. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಮಾರು ಐವತ್ತು ವರ್ಷ ಗಂಡಹೆಂಡಿರಂತೆ ಬಾಳಿದವರನ್ನು ವಿವಾಹಿತರೆಂದೇ ಊಹಿಸಬೇಕೆಂದಿತು. 2010ರ ಅಕ್ಟೋಬರ್ ತೀರ್ಪು 'ವಿವಾಹದ ಸ್ವರೂಪ'ಕ್ಕೆ ನಾಲ್ಕು ಒರೆಗಲ್ಲುಗಳನ್ನಿಟ್ಟಿತು: ಸಮಾಜದ ಮುಂದೆ ದಂಪತಿಗಳಂತೆ ತೋರಿಸಿಕೊಂಡಿರಬೇಕು, ವಿವಾಹದ ವಯಸ್ಸಾಗಿರಬೇಕು, ಅವಿವಾಹಿತರಾಗಿರುವುದೂ ಸೇರಿ ಮದುವೆಗೆ ಅರ್ಹರಾಗಿರಬೇಕು, ಸ್ವಇಚ್ಛೆಯಿಂದ ಗಣನೀಯ ಕಾಲ ಕೂಡಿಬಾಳಿರಬೇಕು. 'ಇಟ್ಟುಕೊಂಡವಳು' ಎಂಬುದಕ್ಕೆ ಸಮನಾದ 'ಕೀಪ್' ಎಂಬ ಇಂಗ್ಲಿಷ್ ಪದವನ್ನು ಆ ತೀರ್ಪು ಬಳಸಿದಾಗ, ಆಗಿನ ಅಪರ ಸಾಲಿಸಿಟರ್ ಜನರಲ್ ಇಂದಿರಾ ಜೈಸಿಂಗ್ ಆಕ್ಷೇಪಿಸಿದರು. ಆಕ್ಷೇಪ ಯುಕ್ತವಾದುದು. ಆದರೆ ಪದಕ್ಕಿಂತ ಒರೆಗಲ್ಲು ಹೆಚ್ಚು ಗಂಭೀರವಾದುದು.

ಈ ಒರೆಗಲ್ಲಿಗೆ ನಮ್ಮ ಪಾತ್ರಗಳನ್ನು ತಿಕ್ಕಿ ನೋಡಬಹುದು. ಚಂದ್ರಿ ಮೊದಲನೆಯದರಲ್ಲಿಯೇ ಸೋಲುತ್ತಾಳೆ. ಅಗ್ರಹಾರ ಅವಳನ್ನು ಹೆಂಡತಿಯೆಂದು ಕಂಡಿಲ್ಲ, ನಾರಣಪ್ಪನಿಗೂ ಹಾಗೆ ತೋರಿಸುವ ಇಚ್ಛೆಯಿಲ್ಲ. ಲಕ್ಷ್ಮೀ ಮತ್ತು ಚಂಪಾ ಮೂರನೆಯದರಲ್ಲಿ ಸೋಲುತ್ತಾರೆ. ಅವರನ್ನು ಬೀದಿಪಾಲು ಮಾಡಿದ ಮದುವೆಗಳು ಕಾಗದದಲ್ಲಿ ಇನ್ನೂ ಜೀವಂತ. ಮದುವೆಯಿಂದ ಹೆಚ್ಚು ನೊಂದವರೇ 'ಮದುವೆಯಂಥದು' ಎಂಬ ರಕ್ಷಣೆಯಿಂದ ಹೊರಗುಳಿಯುತ್ತಾರೆ. ದಾಂಪತ್ಯಕ್ಕೆ ಅತಿ ಸಮೀಪದಲ್ಲಿರುವವರಿಗೆ, ಎಂದರೆ ರಕ್ಷಣೆಯ ಅಗತ್ಯ ಕಡಿಮೆ ಇರುವವರಿಗೆ, ಬಾಗಿಲು ಅಗಲವಾಗಿ ತೆರೆಯುತ್ತದೆ. ಉಪಮಾನದ ದೋಷ ಇದು.

2013ರ ನವೆಂಬರಿನಲ್ಲಿ ತೀರ್ಮಾನವಾದ ಬೆಂಗಳೂರಿನ ಪ್ರಕರಣವೊಂದು ಇದಕ್ಕೆ ಸಾಕ್ಷಿ. ವಿವಾಹಿತನೊಡನೆ ದೀರ್ಘಕಾಲ ಬಾಳಿದ ಮಹಿಳೆಗೆ ಕೆಳ ನ್ಯಾಯಾಲಯ ತಿಂಗಳಿಗೆ 18,000 ರೂಪಾಯಿ ಜೀವನಾಂಶ ವಿಧಿಸಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅವನ ಮದುವೆಯ ಅರಿವು ಅವಳಿಗಿತ್ತೆಂಬ ಕಾರಣದಿಂದ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅವನಿಗೂ ಆ ಅರಿವು ಇತ್ತಷ್ಟೆ! ಆದರೂ ಅದೇ ತೀರ್ಪು, ಇಂಥ ಬಾಳುವೆ ಅವಲಂಬನೆಯನ್ನೂ ದುರ್ಬಲತೆಯನ್ನೂ ಹುಟ್ಟಿಸುತ್ತದೆಂದು ಒಪ್ಪಿ, ಸಂಸತ್ತು ಶಾಸನ ರಚಿಸಬೇಕೆಂದು ಸೂಚಿಸಿತು. ಸಂಪನ್ಮೂಲಗಳ ಕೂಡಿಕೆ, ಮನೆವಾರ್ತೆಯ ಹಂಚಿಕೆ ಮುಂತಾದ ಗುರುತುಗಳನ್ನೂ ಪಟ್ಟಿಮಾಡಿತು. ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಸಮಿತಿ 2003ರಲ್ಲಿಯೇ, ಬಹುಕಾಲ ಹೆಂಡತಿಯಂತೆ ಬಾಳಿದವಳನ್ನೂ ಜೀವನಾಂಶದ 125ನೆಯ ಪ್ರಕರಣದ 'ಪತ್ನಿ' ಪದದಲ್ಲಿ ಸೇರಿಸಲು ಹೇಳಿತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣದಲ್ಲಿ ಆ ಸೇರ್ಪಡೆಯಿಲ್ಲ.

ಉತ್ತರಾಖಂಡದ ಸಮಾನ ನಾಗರಿಕ ಸಂಹಿತೆ (ಅಂಗೀಕಾರ 2024, ಜಾರಿ 2025ರ ಜನವರಿ 27) ಬೇರೊಂದು ದಾರಿ ಹಿಡಿದಿದೆ. ತ್ಯಕ್ತಳಾದವಳಿಗೆ ಜೀವನಾಂಶ, ಮಕ್ಕಳಿಗೆ ಔರಸತ್ವ ಅಲ್ಲಿವೆ. ಆದರೆ ಸಂಬಂಧವನ್ನು ನೋಂದಾಯಿಸಲೇಬೇಕು. ಒಂದು ತಿಂಗಳು ಮೀರಿದರೆ ಸೆರೆವಾಸ ಅಥವಾ ದಂಡವೆಂದು ಅಂಗೀಕೃತ ಪಾಠ ಹೇಳುತ್ತದೆ. ಕೂಡಿಕೆಗೆ ಕುಲದವರ ಒಪ್ಪಿಗೆ ಬೇಕಿದ್ದ ಕಾಲದಿಂದ ದಫ್ತರದ ಒಪ್ಪಿಗೆ ಬೇಕಾದ ಕಾಲಕ್ಕೆ ಬಂದಂತಾಯಿತು. ಅಗ್ರಹಾರದ ಕಣ್ಣಿಗೆ ಅಂಜದೆ ಬಾಳಿದ ಚಂದ್ರಿ ಈ ದಫ್ತರಕ್ಕೆ ಹೋಗುವಳೆ? ಹೋಗದಿದ್ದರೆ ಹಕ್ಕುಳ್ಳವಳಾಗುವಳೋ ಅಪರಾಧಿಯಾಗುವಳೋ?

ಸಾಹಿತ್ಯಕೃತಿ ಮೊಕದ್ದಮೆಯ ಕಡತವಲ್ಲ, ಚಂದ್ರಿಗೆ ಜೀವನಾಂಶ ಕೊಡಿಸುವುದು ವಿಮರ್ಶೆಯ ಕೆಲಸವಲ್ಲ ಎಂಬ ಆಕ್ಷೇಪವನ್ನು ನಿರೀಕ್ಷಿಸಬಹುದು. ಅದಕ್ಕೆ ಉತ್ತರವಿಷ್ಟೆ: ಎರಡು ಕೃತಿಗಳೂ ಸಂಬಂಧವನ್ನು ಅಳೆಯುವ ಬೇರೊಂದು ಮಾನದಂಡವನ್ನು ತಮ್ಮೊಳಗೇ ಇಟ್ಟುಕೊಂಡಿವೆ. ಈ ಸಂಬಂಧ ಯಾವುದನ್ನು ಹೋಲುತ್ತದೆಂದು ಅವು ಕೇಳುವುದಿಲ್ಲ. ಯಾರು ಏನನ್ನು ಕೊಟ್ಟರು, ಯಾರು ಯಾರನ್ನು ನಂಬಿ ತಮ್ಮ ದಾರಿಗಳನ್ನು ಮುಚ್ಚಿಕೊಂಡರು, ಕೊನೆಗೆ ಹೊಣೆ ಯಾರ ಹೆಗಲೇರಿತು ಎಂದು ಕೇಳುತ್ತವೆ. ಸಖಾರಾಮನ ಕರಾರು ಈ ಲೆಕ್ಕವನ್ನು ಮರೆಮಾಡುತ್ತದೆ, ದುರ್ವಾಸಪುರದ ಶಾಸ್ತ್ರಚರ್ಚೆಯೂ ಮರೆಮಾಡುತ್ತದೆ, ಕೃತಿಗಳು ಮರೆಮಾಡುವುದಿಲ್ಲ.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ವಿಶೇಷವಾದ ಅವಕಾಶವಿದೆ. ಅವರುದ್ಧೆಯರ ಮೊಕದ್ದಮೆಗಳು ಮುಂಬಯಿ ಮತ್ತು ಮದರಾಸು ಉಚ್ಚ ನ್ಯಾಯಾಲಯಗಳ ವರದಿಗಳಲ್ಲಿ ಸಿಗುತ್ತವೆ. ಧಾರವಾಡ, ಕಾರವಾರ, ಮಂಗಳೂರು ಪ್ರದೇಶಗಳು ಒಂದಾನೊಂದು ಕಾಲಕ್ಕೆ ಆ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿದ್ದವು. ಆ ವರದಿಗಳನ್ನು ಕನ್ನಡ ಕಥನಸಾಹಿತ್ಯದ ಪಕ್ಕದಲ್ಲಿಟ್ಟು ಓದಿದರೆ, ಸಂಕೇತಗಳೆಂದು ನಾವು ಕೈಬಿಟ್ಟ ಎಷ್ಟೋ ಹೆಣ್ಣುಪಾತ್ರಗಳು ವಾದಿಗಳಾಗಿ ಎದ್ದುನಿಂತಾವು.