ಕ್ರೀಡೆಯೂ ವಾಕ್ಸ್ವಾತಂತ್ರ್ಯವೂ

ಯಂತ್ರದ ಪರದೆಯ ಮೇಲೆ ಆಡುವ ಆಟಗಳನ್ನು ಕುರಿತು ಇಂದಿನ ತರುಣರಲ್ಲಿ ಎರಡು ಮಾತುಗಳು ರೂಢಿಯಾಗಿವೆ. ಅವುಗಳಲ್ಲಿ ರಕ್ತಪಾತವು ಅತಿಯಾಯಿತೆಂದು ಯಾರಾದರೂ ಆಕ್ಷೇಪಿಸಿದೊಡನೆ, ಅದು ಬರಿಯ ಆಟ, ಆಟಕ್ಕೆ ಇಷ್ಟೊಂದು ವಿಚಾರವೇಕೆ ಎಂಬುದು ಮೊದಲನೆಯದು. ಸರಕಾರವು ಅವುಗಳನ್ನು ತಡೆಯಹೊರಟೊಡನೆ, ಅದು ಕಾವ್ಯ ಕಾದಂಬರಿಗಳಂತೆಯೇ ಒಂದು ಕೃತಿ, ಅದನ್ನು ತಡೆದರೆ ವಾಕ್ಸ್ವಾತಂತ್ರ್ಯಕ್ಕೆ ಭಂಗ ಎಂಬುದು ಎರಡನೆಯದು. ಎರಡೂ ಮಾತುಗಳು ಅನೇಕವೇಳೆ ಒಂದೇ ಬಾಯಿಂದ ಒಂದೇ ಸಂಜೆಯೊಳಗೆ ಹೊರಡುತ್ತವೆ. ಗೌತಮನು ನ್ಯಾಯಸೂತ್ರಗಳಲ್ಲಿ ಎಣಿಸಿರುವ 22 ನಿಗ್ರಹಸ್ಥಾನಗಳಲ್ಲಿ ಅಪಸಿದ್ಧಾಂತವೆಂಬುದೊಂದುಂಟು. ತಾನು ಮೊದಲು ಒಪ್ಪಿದ ಸಿದ್ಧಾಂತವನ್ನು ನಡುವೆ ಕೈಬಿಟ್ಟು ಅದಕ್ಕೆ ವಿರುದ್ಧವಾಗಿ ವಾದವನ್ನು ಮುಂದುವರಿಸುವವನು ಅಲ್ಲಿಗೆ ಸೋತಂತೆಯೇ ಸರಿ. ಆದರೆ ಇದನ್ನು ತರುಣರ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ಅವರನ್ನು ಗದರಿಸುವ ಹಿರಿಯರೂ ಆಟವು ಕೆಲಸಕ್ಕೆ ಬಾರದ ಹುಡುಗಾಟವೆಂದು ಹಳಿದು, ಮರುಗಳಿಗೆಯಲ್ಲಿಯೇ ಅದು ಮನುಷ್ಯನ ಶೀಲವನ್ನೇ ತಿರುಗಿಸಬಲ್ಲ ಮಹಾಶಕ್ತಿಯೆಂದು ಭಯಪಡುತ್ತಾರೆ. ಕೆಲಸಕ್ಕೆ ಬಾರದ್ದಕ್ಕೆ ಅಷ್ಟು ಬಲವೆಲ್ಲಿಂದ ಬಂದಿತೆಂದು ಅವರನ್ನು ಕೇಳುವವರಿಲ್ಲ.

ಹರಟೆಯಲ್ಲಿ ಹೀಗೆ ಕೈಯಿಂದ ಜಾರುವ ಈ ಪ್ರಶ್ನೆಯನ್ನು ಹಿಡಿದು ನಿಲ್ಲಿಸಿ ವಿಚಾರಿಸಿದ ಒಂದು ಸ್ಥಳವುಂಟು. ಅದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯ. ಕ್ಯಾಲಿಫೋರ್ನಿಯಾ ಸಂಸ್ಥಾನವು 2005ರಲ್ಲಿ ಒಂದು ಶಾಸನವನ್ನು ಮಾಡಿ, ಕ್ರೂರಹಿಂಸೆಯುಳ್ಳ ಆಟಗಳನ್ನು 18 ವರ್ಷ ತುಂಬದವರಿಗೆ ಮಾರುವುದನ್ನೂ ಬಾಡಿಗೆಗೆ ಕೊಡುವುದನ್ನೂ ನಿಷೇಧಿಸಿತು. ಮೀರಿದವರಿಗೆ 1000 ಡಾಲರುಗಳವರೆಗೆ ದಂಡ. ಅದಕ್ಕೆ ಅಂಕಿತವನ್ನು ಹಾಕಿದ ಗವರ್ನರು ಆರ್ನಾಲ್ಡ್ ಶ್ವಾರ್ಜ್‌ನೆಗರ್. ಚಲಚ್ಚಿತ್ರಗಳಲ್ಲಿ ಅವರು ಹಾರಿಸಿದ ಗುಂಡುಗಳ ಲೆಕ್ಕ ಇಲ್ಲಿ ಅಪ್ರಸ್ತುತ. ಆಟಗಳ ವ್ಯಾಪಾರಿಗಳ ಸಂಘಗಳು ಶಾಸನವನ್ನು ಪ್ರಶ್ನಿಸಿದುವು. 2011ರ ಜೂನ್ 27ರಂದು ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಏಳು ಮಂದಿ ಶಾಸನವು ಅಸಿಂಧುವೆಂದೂ ಇಬ್ಬರು ಸಿಂಧುವೆಂದೂ ಅಭಿಪ್ರಾಯಪಟ್ಟರು.

ಬಹುಮತದ ತೀರ್ಪನ್ನು ಬರೆದವರು ಆಂಟೊನಿನ್ ಸ್ಕಲಿಯಾ. ಇದನ್ನು ಕೇವಲ ವ್ಯವಹಾರದ ಕಾಗದವೆನ್ನದೆ ಒಂದು ಸಾಹಿತ್ಯವಿಮರ್ಶೆಯೆಂದು ಓದಿದರೆ ಅದರ ಗುಣದೋಷಗಳೆರಡೂ ಚೆನ್ನಾಗಿ ಕಾಣುತ್ತವೆ. ಮಕ್ಕಳ ಕಥೆಗಳಲ್ಲಿ ಹಿಂಸೆಯಿಲ್ಲವೆಂದವರು ಯಾರು ಎಂದು ಅವರು ಕೇಳುತ್ತಾರೆ. ಗ್ರಿಮ್ ಸೋದರರ ಸಂಗ್ರಹದಲ್ಲಿ ದುಷ್ಟರಾಣಿಯು ಕಾದು ಕೆಂಪಾದ ಪಾದರಕ್ಷೆಗಳನ್ನು ಮೆಟ್ಟಿ ಸಾಯುವವರೆಗೆ ಕುಣಿಯುತ್ತಾಳೆ. ಸಿಂಡರೆಲ್ಲಳ ಮಲಸೋದರಿಯರ ಕಣ್ಣುಗಳನ್ನು ಪಾರಿವಾಳಗಳು ಕುಕ್ಕಿ ತೆಗೆಯುತ್ತವೆ. ಇಬ್ಬರು ಎಳೆಯ ಮಕ್ಕಳು ತಮ್ಮನ್ನು ಸೆರೆಹಿಡಿದವಳನ್ನು ಒಲೆಯಲ್ಲಿ ಬೇಯಿಸಿ ಕೊಲ್ಲುತ್ತಾರೆ. ಶಾಲೆಯ ಹುಡುಗರು ಓದುವ ಹೋಮರನ ಕಾವ್ಯದಲ್ಲಿ ಒಕ್ಕಣ್ಣಿನ ರಾಕ್ಷಸನ ಕಣ್ಣನ್ನು ಸುಡುಗೊರಡಿನಿಂದ ಇರಿಯುವ ಪ್ರಸಂಗವುಂಟು. ಡಾಂಟೆಯ ನರಕವರ್ಣನೆಯ ಮಾತನ್ನಂತೂ ಕೇಳಬೇಕಾದುದಿಲ್ಲ. ಡಾಂಟೆಯನ್ನು ಓದುವುದು ಹೊಡೆದಾಟದ ಆಟವನ್ನು ಆಡುವುದಕ್ಕಿಂತ ಸಂಸ್ಕಾರವಂತವಾದುದು ನಿಜ, ಆದರೆ ಸಂಸ್ಕಾರದ ತಾರತಮ್ಯವು ರಾಜ್ಯಾಂಗದ ತಾರತಮ್ಯವಲ್ಲ ಎಂಬುದು ಅವರ ನಿಲುವು. ಅಗ್ಗದ ಕಾದಂಬರಿಗಳು, ಚಲಚ್ಚಿತ್ರ, ಚಿತ್ರಕಥೆಯ ಪುಸ್ತಕಗಳು ಎಲ್ಲವೂ ತಮ್ಮ ತಮ್ಮ ಕಾಲದಲ್ಲಿ ಇದೇ ಅಪವಾದವನ್ನು ಹೊತ್ತುವೆಂದು ಅವರು ನೆನಪಿಸುತ್ತಾರೆ. ಅದೇ ನ್ಯಾಯಾಲಯವು 1915ರಲ್ಲಿ ಚಲಚ್ಚಿತ್ರವನ್ನು ಬರಿಯ ವ್ಯಾಪಾರವೆಂದು ತಳ್ಳಿ, 1952ರಲ್ಲಿ ಅದನ್ನೂ ಮಾತಿನ ಸಾಲಿಗೆ ಸೇರಿಸಿತೆಂಬುದನ್ನು ಮರೆಯಬಾರದು.

ಗ್ರಿಮ್ ಕಥೆಗಳ ಈ ದೃಷ್ಟಾಂತಗಳು ಸೊಗಸಾಗಿವೆ; ಕೇಳಿದವರು ಮರೆಯುವಂತಿಲ್ಲ. ಆದರೆ ಅವುಗಳಿಂದ ಸಿದ್ಧವಾಗುವುದೆಷ್ಟು? ಹಿಂಸೆಯೆಂಬ ವಸ್ತುವು ಸಾಹಿತ್ಯಕ್ಕೆ ಹೊಸದಲ್ಲವೆಂಬಷ್ಟು ಮಾತ್ರ. ವಸ್ತುವನ್ನು ಮುಂದಿಡುವ ಬಗೆ ಬೇರೆಯಾದರೆ ಅದರ ಪರಿಣಾಮವೂ ಬೇರೆಯಾದೀತೆಂಬ ವಿಚಾರವು ಹಾಗೆಯೇ ಉಳಿಯಿತು. ಭರತಖಂಡದ ನಾಟ್ಯಶಾಸ್ತ್ರಜ್ಞರು ಈ ಭೇದವನ್ನು ಬಹಳ ಹಿಂದೆಯೇ ಕಂಡಿದ್ದರು. ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಇವನ್ನು ಅಂಕದಲ್ಲಿ ಕಣ್ಣೆದುರಿಗೆ ತೋರಿಸಬಾರದು, ಪ್ರವೇಶಕಾದಿಗಳಿಂದ ಸೂಚಿಸಬೇಕು ಎಂದು ಭರತನ ಶಾಸನ. ಭಟ್ಟನಾರಾಯಣನ ವೇಣೀಸಂಹಾರದಲ್ಲಿ ದುಃಶಾಸನನ ರಕ್ತಪಾನವು ರಂಗದ ಮೇಲೆ ನಡೆಯುವುದಿಲ್ಲ. ಅದೇ ಕಥೆಯನ್ನು ಶ್ರವ್ಯಕಾವ್ಯವಾಗಿ ಹೇಳುವ ಕವಿಗೆ ಇಂತಹ ಸಂಕೋಚವಿಲ್ಲ. ರನ್ನನ ದುರ್ಯೋಧನನು ಹೆಣಗಳ ನಡುವೆ ನಡೆದುಬರುವುದನ್ನು ಕನ್ನಡಿಗರೆಲ್ಲರೂ ಬಲ್ಲರು. ಒಂದೇ ವಸ್ತು, ಕಿವಿಗೊಂದು ಮರ್ಯಾದೆ, ಕಣ್ಣಿಗೊಂದು ಮರ್ಯಾದೆ. ಈ ನಿಯಮವನ್ನು ಮೀರಿದವರೂ ಉಂಟು. ಭಾಸನದೆಂದು 1912ರಲ್ಲಿ ಗಣಪತಿಶಾಸ್ತ್ರಿಗಳು ಪ್ರಕಟಿಸಿದ ಊರುಭಂಗದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣವನ್ನು ಬಿಡುತ್ತಾನೆ. ಕರಾವಳಿಯ ಯಕ್ಷಗಾನದಲ್ಲಿ ನರಸಿಂಹನು ಹಿರಣ್ಯಕಶಿಪುವಿನ ಕರುಳನ್ನು ಬಗೆಯುವುದನ್ನು ತಂದೆಯ ತೊಡೆಯ ಮೇಲೆ ಕುಳಿತ ಮಕ್ಕಳು ರಾತ್ರಿಯೆಲ್ಲ ಎಚ್ಚರವಾಗಿದ್ದು ನೋಡುತ್ತಾರೆ. ಭರತನು ಇದಕ್ಕೆ 1000 ಪಣಗಳ ದಂಡವನ್ನೇನೂ ವಿಧಿಸಲಿಲ್ಲ. ಅದು ಕವಿಯು ತಾನಾಗಿ ಕಾಯ್ದುಕೊಳ್ಳಬೇಕಾದ ಔಚಿತ್ಯ.

ಹೊಸ ಆಟವು ಶ್ರವ್ಯವೂ ಅಲ್ಲ, ದೃಶ್ಯವೂ ಅಲ್ಲ. ಅಲ್ಲಿ ಪ್ರೇಕ್ಷಕನೇ ನಟ. ಭೀಮನು ಕೊಂದನೆಂದು ಕೇಳುವುದು ಒಂದು, ಕೊಲ್ಲುವುದನ್ನು ನೋಡುವುದು ಇನ್ನೊಂದು, ಭೀಮನ ಕೈಯಾಗಿ ಗದೆಯನ್ನು ತಾನೇ ಬೀಸುವುದು ಮೂರನೆಯದು. ತೀರ್ಪಿನ ಫಲವನ್ನು ಮಾತ್ರ ಒಪ್ಪಿ ಕಾರಣಗಳನ್ನು ಒಪ್ಪದ ನ್ಯಾಯಾಧೀಶ ಸ್ಯಾಮ್ಯುಯೆಲ್ ಅಲಿಟೊ ಅವರ ಪ್ರತ್ಯೇಕ ಅಭಿಪ್ರಾಯವು ಹೊರಟಿರುವುದು ಈ ಶಂಕೆಯಿಂದಲೇ. ಅವರ ಮತದಲ್ಲಿ ಶಾಸನದ ಶಬ್ದಗಳು ಅಸ್ಪಷ್ಟ, ಆದುದರಿಂದ ಅದು ನಿಲ್ಲದು; ಆದರೆ ಹೊಸ ಯಂತ್ರದ ಅನುಭವವು ಪುಸ್ತಕದ ಅನುಭವದಂತೆಯೇ ಇರುವುದೆಂದು ಅವಸರದಿಂದ ನಿಶ್ಚಯಿಸಬಾರದು. ಇದಕ್ಕೆ ಸ್ಕಲಿಯಾ ಕೊಟ್ಟ ಉತ್ತರವೆಂದರೆ, ಓದುಗನೇ ಕಥೆಯ ದಾರಿಯನ್ನು ಆರಿಸುವ ಪುಸ್ತಕಗಳು 1969ರಿಂದಲೂ ಇವೆ, ಒಳ್ಳೆಯ ಸಾಹಿತ್ಯವೆಲ್ಲವೂ ಓದುಗನನ್ನು ಕಥೆಯೊಳಕ್ಕೆ ಎಳೆಯುತ್ತದೆ ಎಂಬುದು. ಈ ಎರಡನೆಯ ಮಾತನ್ನು ಅವರು ಪೋಸ್ನರ್ ಎಂಬ ಇನ್ನೊಬ್ಬ ನ್ಯಾಯಾಧೀಶರಿಂದ ಪಡೆದರು. ಉತ್ತರವು ಚುರುಕಾಗಿದೆ, ತೃಪ್ತಿಕರವಾಗಿಲ್ಲ. ಕಾವ್ಯವು ಓದುಗನನ್ನು ಒಳಕ್ಕೆ ಎಳೆಯುವುದು ನಿಜವೇ. ಆದರೆ ಎಳೆದುಕೊಂಡು ಅವನನ್ನು ಏನಾಗಿಸುತ್ತದೆ?

ಭಟ್ಟನಾಯಕನ ಸಾಧಾರಣೀಕರಣವು ಈ ಪ್ರಶ್ನೆಗೇ ಉತ್ತರವಾಗಿ ಹುಟ್ಟಿದ ತತ್ತ್ವ. ಸಹೃದಯನು ತನ್ನ ಲಾಭನಷ್ಟಗಳನ್ನು ಮರೆತು, ಸೀತೆಯ ದುಃಖವು ತನ್ನದೂ ಅಲ್ಲ, ಪರರದೂ ಅಲ್ಲ ಎಂಬ ನೆಲೆಯಲ್ಲಿ ನಿಂತಾಗ ರಸಾಸ್ವಾದ. ಅಭಿನವಗುಪ್ತನು ಎಣಿಸಿದ ಏಳು ರಸವಿಘ್ನಗಳಲ್ಲಿ ಸ್ವಂತ ಸುಖದುಃಖಗಳಿಗೆ ವಶನಾಗಿರುವುದೂ ಒಂದು. ಮಗನ ಮದುವೆಯ ಸಂಭ್ರಮದಲ್ಲಿರುವವನು ನಾಟಕಶಾಲೆಯಲ್ಲಿ ಕುಳಿತರೂ ನಾಟಕವನ್ನು ನೋಡಲಾರನು. ಪರದೆಯ ಆಟವಾದರೋ ಈ ವಿಘ್ನವನ್ನೇ ಅಡಿಗಲ್ಲಾಗಿ ಮಾಡಿಕೊಂಡಿದೆ. ಎಣಿಕೆಯು ಏರಿತೆ, ಗೆದ್ದೆನೆ, ಜೊತೆಯವನು ಸೋತನೆ ಎಂಬ ಕಾತರವಿಲ್ಲದಿದ್ದರೆ ಆಟವೇ ಇಲ್ಲ. ಬಿದ್ದ ಶತ್ರುವು ಅಲ್ಲಿ ಶೋಕಕ್ಕೆ ವಿಭಾವವಾಗದೆ ಒಂದು ಅಂಕವಾಗುತ್ತಾನೆ. ಹೀಗಿರಲು ಇಂತಹ ಆಟಗಳನ್ನು ಹೋಮರನ ಪಕ್ಕದಲ್ಲಿ ಕೂರಿಸಿದ ತೀರ್ಪು ಅವುಗಳಿಗೆ ಅರ್ಹತೆಗೆ ಮೀರಿದ ಮಣೆಯನ್ನು ಹಾಕಿತೆನ್ನಬೇಕು. ರಕ್ಷಣೆಗೆ ಅರ್ಹವಾಗಲು ಮಣೆ ಬೇಕಿರಲಿಲ್ಲ. ಕೆಟ್ಟ ಪದ್ಯಕ್ಕೂ ವಾಕ್ಸ್ವಾತಂತ್ರ್ಯವುಂಟು.

ಇಷ್ಟಕ್ಕೇ ವಿಚಾರವನ್ನು ಮುಗಿಸಿದರೆ ಕೆಲವು ಕೃತಿಗಳಿಗೆ ಅನ್ಯಾಯವಾದೀತು. 2013ರಲ್ಲಿ ಲೂಕಸ್ ಪೋಪ್ ಎಂಬವರು ರಚಿಸಿದ ‘ಪೇಪರ್ಸ್, ಪ್ಲೀಸ್’ ಎಂಬ ಆಟದಲ್ಲಿ ಆಡುವವನು ಒಂದು ಕಲ್ಪಿತ ರಾಜ್ಯದ ಗಡಿಕಟ್ಟೆಯ ಗುಮಾಸ್ತ. ಬಂದವರ ರಹದಾರಿಗಳನ್ನು ತಪಾಸಣೆ ಮಾಡಿ ಒಳಕ್ಕೆ ಬಿಡುವುದೋ ಹಿಂದಕ್ಕೆ ಕಳುಹಿಸುವುದೋ ಅವನ ಕೆಲಸ. ತೀರಿಸಿದ ತಲೆಗೆ ಇಷ್ಟೆಂದು ಕೂಲಿ, ತಪ್ಪಿದರೆ ದಂಡ, ಸಂಜೆಗೆ ಆ ಕಾಸಿನಿಂದ ಮನೆಯವರಿಗೆ ಊಟ, ಬೆಂಕಿ, ಔಷಧ. ಗಂಡನಿಗೆ ರಹದಾರಿ ಸರಿಯಾಗಿದೆ, ಹಿಂದೆ ನಿಂತ ಹೆಂಡತಿಗೆ ಒಂದು ಕಾಗದವಿಲ್ಲ. ಬಿಟ್ಟರೆ ಮನೆಯ ಗಂಟಿಗೆ ಕುತ್ತು, ಬಿಡದಿದ್ದರೆ ಆ ದಂಪತಿಗಳ ಗತಿ? ಇಲ್ಲಿ ಆಡುವವನ ಸ್ವಂತ ಲಾಭದಾಸೆಯೇ ಕೃತಿಯ ವಸ್ತುವಾಗಿದೆ. ದುಷ್ಟನಲ್ಲದವನು ಹೇಗೆ ಕ್ರೌರ್ಯದ ಕೈಯಾಗುತ್ತಾನೆಂಬುದನ್ನು ಕಾದಂಬರಿಯು ಹೇಳಬಲ್ಲದು, ನಾಟಕವು ತೋರಿಸಬಲ್ಲದು. ಇದು ಮಾಡಿಸಿ ನಾಚಿಸುತ್ತದೆ. ಅಭಿನವಗುಪ್ತನ ವಿಘ್ನವು ಇಲ್ಲಿ ವಿಘ್ನವಾಗಿ ಉಳಿದಿದೆಯೆ ಎಂಬುದು ಆಲಂಕಾರಿಕರು ವಿಚಾರಿಸಬೇಕಾದ ವಿಷಯ. ಮುತ್ತಿಗೆಗೊಳಗಾದ ನಗರದ ಸಾಮಾನ್ಯಜನರ ಪಾಡನ್ನು ವಸ್ತುವಾಗಿ ಮಾಡಿಕೊಂಡ ಪೋಲೆಂಡಿನ ಒಂದು ಆಟವನ್ನು, ಶಾಲೆಯ ವಾಚನಪಟ್ಟಿಗೆ ಸೇರಿಸುವುದಾಗಿ ಆ ದೇಶದ ಸರಕಾರವು 2020ರಲ್ಲಿ ಸಾರಿತು. ಭರತನು ಕಣ್ಣಿಗೆ ತೋರಿಸಬಾರದೆಂದ ನಗರೋಪರೋಧವು ಹೀಗೆ ಪಠ್ಯಕ್ಕೆ ಬಂದಿತು.

ಆಟವು ಮಾತಾಗಬಲ್ಲದೆಂಬುದು ಹೀಗೆ ಸಿದ್ಧವಾದರೆ, ಮಾತನ್ನು ತಡೆಯುವವರು ಯಾರೆಂಬುದು ಮುಂದಿನ ಪ್ರಶ್ನೆ. 2019ರ ಅಕ್ಟೋಬರಿನಲ್ಲಿ ಬ್ಲಿಜರ್ಡ್ ಕಂಪೆನಿಯು ನಡೆಸುತ್ತಿದ್ದ ಎಲೆಯಾಟದ ಸ್ಪರ್ಧೆಯೊಂದರಲ್ಲಿ ಹಾಂಕಾಂಗಿನ ಆಟಗಾರನೊಬ್ಬನು ಪಂದ್ಯಾನಂತರದ ಸಂದರ್ಶನದಲ್ಲಿ ತನ್ನ ನಗರದ ವಿಮೋಚನೆಯ ಘೋಷಣೆಯನ್ನು ಕೂಗಿದನು. ಕಂಪೆನಿಯು ಅವನನ್ನು ಒಂದು ವರ್ಷ ಹೊರಹಾಕಿ ಬಹುಮಾನದ ಹಣವನ್ನೂ ತಡೆಹಿಡಿಯಿತು. ಗದ್ದಲವೆದ್ದ ಮೇಲೆ ಹಣವನ್ನು ಕೊಟ್ಟು ಅವಧಿಯನ್ನು ಆರು ತಿಂಗಳಿಗೆ ಇಳಿಸಿತು. ಕಂಪೆನಿಯು ಸರಕಾರವಲ್ಲ, ಆದುದರಿಂದ ವಾಕ್ಸ್ವಾತಂತ್ರ್ಯದ ಮಾತೇ ಇಲ್ಲಿಲ್ಲವೆಂದು ಅನೇಕರು ಥಟ್ಟನೆ ನಿರ್ಣಯಿಸಿದರು. ಅಮೆರಿಕದ ರಾಜ್ಯಾಂಗದ ಮೊದಲನೆಯ ತಿದ್ದುಪಡಿಯು ಸರಕಾರವನ್ನು ಮಾತ್ರ ಕಟ್ಟುವುದೆಂಬುದು ಸತ್ಯ. ಆದರೆ ಕಾಯಿದೆಯ ಹದ್ದು ಅಲ್ಲಿಗೆ ಮುಗಿದರೆ ಸ್ವಾತಂತ್ರ್ಯದ ಅರ್ಥವೂ ಅಲ್ಲಿಗೇ ಮುಗಿಯುವುದೆಂಬುದಕ್ಕೆ ಹೇತುವನ್ನು ಯಾರೂ ಕೊಡಲಿಲ್ಲ. 2011ರಲ್ಲಿ ಆಟವೆಂದರೆ ಮಾತು ಎಂದು ನ್ಯಾಯಾಲಯದಲ್ಲಿ ಗೆದ್ದ ವ್ಯಾಪಾರವೇ 2019ರಲ್ಲಿ ಆಟದ ಕಟ್ಟೆಯ ಮೇಲೆ ಆ ಮಾತು ಬೇಡವೆಂದಿತು. ಅಪಸಿದ್ಧಾಂತವು ತರುಣರ ಹರಟೆಯಲ್ಲಿ ಮಾತ್ರ ಇಲ್ಲ.

ಭಾರತದಲ್ಲಿ ಈ ಪ್ರಶ್ನೆಯು ಪೋಲೀಸರ ಕೈಯಲ್ಲಿ ಮೊದಲು ಬಿದ್ದಿತು. 2019ರ ಮಾರ್ಚಿನಲ್ಲಿ ಗುಜರಾತಿನ ರಾಜಕೋಟೆಯ ಪೋಲೀಸರು ಪಬ್‌ಜಿ ಎಂಬ ಆಟವನ್ನು ನಿಷೇಧಿಸಿ, ಮೊಬೈಲಿನಲ್ಲಿ ಅದನ್ನು ಆಡುತ್ತಿದ್ದ ವಿದ್ಯಾರ್ಥಿಗಳೇ ಮೊದಲಾದ ತರುಣರನ್ನು ದಸ್ತಗಿರಿ ಮಾಡಿದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರವು ಅದೇ ಆಟವನ್ನು ಇತರ ಆಪ್‌ಗಳೊಡನೆ, ಒಟ್ಟು 118ನ್ನು, ತಡೆಯಿತು. ಕಾರಣ ದೇಶದ ಸಾರ್ವಭೌಮತ್ವ ಮತ್ತು ರಕ್ಷಣೆ. ಮಕ್ಕಳು ಕೆಡುವರೆಂಬುದಕ್ಕಾಗಿ ಇದು ನಡೆಯಿತೆಂದು ನಂಬಿದವರು ಇಂದಿಗೂ ಇದ್ದಾರೆ. ಎರಡು ಬೇರೆ ಕಾರ್ಯಗಳ ಕಾರಣಗಳನ್ನು ಕಲಸಿಬಿಟ್ಟರೆ ಎರಡನ್ನೂ ಪರೀಕ್ಷಿಸುವ ಹಾದಿ ಮುಚ್ಚಿಹೋಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಪಡಿಸಿದಾಗ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂಬ ಮೂರನ್ನು ಬೇರ್ಪಡಿಸಿ, ಮೂರನೆಯದಕ್ಕೆ ಮುಟ್ಟಿದಾಗ ಮಾತ್ರ ತಡೆಗೆ ಎಡೆಯುಂಟೆಂದಿತು. ಇಂತಹ ಸ್ಪಷ್ಟವಾದ ವಿಂಗಡಣೆಯು ಶಾಸ್ತ್ರಕಾರರಿಗೂ ಮೆಚ್ಚುಗೆಯಾಗುವಂತಹುದು. ಅದನ್ನು ಆಟಕ್ಕೆ ಅನ್ವಯಿಸಿ ನೋಡಿದ್ದರೆ ರಾಜಕೋಟೆಯ ಹುಡುಗರು ಠಾಣೆಯನ್ನು ಕಾಣಬೇಕಾಗುತ್ತಿರಲಿಲ್ಲ.

ಇನ್ನು ಆಟವೆಂಬ ಶಬ್ದದ ವಿಷಯ. ಹೊಸ ಕಂಬಳಿ ಹೊದ್ದವನನ್ನು ನವಕಂಬಲನೆಂದರೆ, ಇವನಿಗೆ ಒಂಬತ್ತು ಕಂಬಳಿಗಳೆಲ್ಲಿವೆ ಎಂದು ಕೇಳುವುದು ವಾಕ್ಛಲದ ಪ್ರಸಿದ್ಧ ಉದಾಹರಣೆ. ಕನ್ನಡದಲ್ಲಿ ಚೆಂಡಾಟವೂ ಆಟ, ಇಸ್ಪೀಟೂ ಆಟ, ಬಯಲಾಟವೂ ಆಟ. ಹಣವೊಡ್ಡುವ ಜೂಜಿನವರು ಈ ಶಬ್ದದ ಮರೆಯಲ್ಲಿ ನಿಂತು ಮಿಕ್ಕವುಗಳ ಸ್ವಾತಂತ್ರ್ಯವನ್ನು ತಮ್ಮದೆನ್ನುತ್ತಾರೆ. ಜೂಜಿನ ಬಗ್ಗೆ ಹಿಂದಿನವರಲ್ಲಿ ಏಕಮತವಿರಲಿಲ್ಲ: ಮನುವು ದ್ಯೂತವನ್ನು ರಾಜ್ಯದಿಂದಲೇ ಹೊರಡಿಸಬೇಕೆಂದನು, ಕೌಟಿಲ್ಯನು ಅದಕ್ಕೊಬ್ಬ ಅಧ್ಯಕ್ಷನನ್ನು ನೇಮಿಸಿ ಗೆದ್ದವನಿಂದ ನೂರಕ್ಕೆ ಐದನ್ನು ವಸೂಲು ಮಾಡಿದನು. ರಮ್ಮಿಯು ಕುಶಲತೆಯ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಹೇಳಿತ್ತು. ಪಣವೊಡ್ಡಿ ಆಡುವ ಜಾಲಾಟಗಳನ್ನು ನಿಷೇಧಿಸಿ ಕರ್ನಾಟಕವು 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯಭಾಗಗಳನ್ನು ರಾಜ್ಯದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ಅಸಿಂಧುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಶಾಸನವು ಕುಶಲತೆ ಅದೃಷ್ಟಗಳ ಭೇದವನ್ನೇ ಬದಿಗಿಟ್ಟು, ಹಣದ ಆಟವೊಂದು, ಸ್ಪರ್ಧೆಯ ಆಟವೊಂದು, ವಿನೋದದ ಆಟವೊಂದು ಎಂದು ಮೂರು ಬಗೆ ಮಾಡಿ ಮೊದಲನೆಯದನ್ನು ನಿಷೇಧಿಸಿತು. ವಾಕ್ಛಲಕ್ಕೆ ಇದರಿಂದ ಎಡೆಯು ಬಹಳ ಕಡಮೆಯಾಯಿತು. ಗಡಿಕಟ್ಟೆಯ ಗುಮಾಸ್ತನ ಆ ಆಟವು ಈ ಮೂರರಲ್ಲಿ ಎಲ್ಲಿಗೆ ಸೇರುವುದೆಂದು ಕೇಳಿದರೆ ಹಣವಿಲ್ಲ, ಸ್ಪರ್ಧೆಯಿಲ್ಲ. ಉಳಿದ ವಿನೋದದ ಪಂಕ್ತಿಯಲ್ಲಿಯೇ ಅದನ್ನು ಕೂರಿಸಬೇಕು.